ಚರಂಡಿ ನೀರು ಬರುವುದು ನಿಂತರೂ ನಮ್ಮ ಕೆರೆ ಯಾಕೆ ಹಸಿರಾಗುತ್ತಿದೆ?

ನೀವು ಹೊಸೂರಿನ ಕಡೆಯವರು, ನಾನು ತಳಿ ಊರಿನ ಹತ್ತಿರದವನು. ಊರ ಚರಂಡಿಯನ್ನು ಕೆರೆಯಿಂದ ಆಚೆ ತಿರುಗಿಸಿ ಎರಡು ವರ್ಷವಾಯಿತು, ಆದರೂ ಬೇಸಿಗೆಯಲ್ಲಿ ನೀರು ಹಸಿರಾಗುತ್ತದೆ, ಪಟ್ಟ ಪಾಡೆಲ್ಲ ದಂಡವಾಯಿತಾ ಎಂದು ಕೇಳಿದ್ದೀರಿ. ಖಂಡಿತ ದಂಡವಾಗಿಲ್ಲ. ಹೊಸ ಕೊಳೆ ಬರುವುದು ನಿಂತಿದೆ. ಹಳೆಯದು ಹೂಳಿನಲ್ಲಿ ಕೂತಿದೆ.

ಪಾಚಿ ಬೆಳೆಯಲು ಮುಖ್ಯವಾಗಿ ಬೇಕಾದದ್ದು ರಂಜಕ (ಫಾಸ್ಫರಸ್), ಡಿಎಪಿ ಗೊಬ್ಬರದ ಚೀಲದಲ್ಲಿ ಇರುತ್ತದಲ್ವಾ, ಅದೇ. 1973ರಲ್ಲಿ ಕೆನಡಾದ ಒಂದು ಕೆರೆಗೆ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ರಂಜಕವನ್ನು ಒಂದೇ ಕಡೆ ಹಾಕಿದರು. ಪಾಚಿ ದಟ್ಟವಾಗಿ ಎದ್ದದ್ದು ಆ ಕಡೆಯೇ.

ವರ್ಷಗಟ್ಟಲೆ ಚರಂಡಿಯಲ್ಲಿ ಬಂದ ರಂಜಕ ತಳಕ್ಕಿಳಿದು ಹೂಳಿನ ಕಬ್ಬಿಣಕ್ಕೆ ಅಂಟಿಕೊಂಡಿರುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೇನು ಕಮ್ಮಿಯಿಲ್ಲ. ತಳದಲ್ಲಿ ಆಮ್ಲಜನಕ ಇರುವವರೆಗೆ ಆ ಹಿಡಿತ ಗಟ್ಟಿ. ಬಿಸಿಲು ಏರಿದಾಗ ಹೂಳು ಬೇಗ ಕೊಳೆಯುತ್ತದೆ, ಆಮ್ಲಜನಕ ಖಾಲಿಯಾಗುತ್ತದೆ, ಕಬ್ಬಿಣ ಕೈಬಿಡುತ್ತದೆ. ಆಳವಾದ ಜಲಾಶಯವಾದರೆ ಬಿಡುಗಡೆಯಾದ ರಂಜಕ ಬೇಸಿಗೆಯೆಲ್ಲ ಕೆಳಗೇ ಉಳಿಯಬಹುದು. ನಮ್ಮದು ಆಳವಿಲ್ಲದ ಕೆರೆ, ಒಂದು ಗಾಳಿ ಬೀಸಿದರೆ ಮೇಲೆ ಬರುತ್ತದೆ. ಇನ್ನೊಂದು ವಿಷಯ: ಮಧ್ಯಾಹ್ನದ ಬಿಸಿಲಿನಲ್ಲಿ ಪಾಚಿ ನೀರಿನ ಕ್ಷಾರವನ್ನು ಜಾಸ್ತಿ ಮಾಡುತ್ತದೆ. ಆಗಲೂ ಆ ಅಂಟು ಸಡಿಲವಾಗುತ್ತದೆ. ಅಂದರೆ ಪಾಚಿ ತನ್ನ ಊಟವನ್ನು ತಾನೇ ಹೂಳಿನಿಂದ ಎಬ್ಬಿಸಿಕೊಳ್ಳುತ್ತದೆ.

ಹೀಗೆ ಕೊಳೆ ನಿಲ್ಲಿಸಿದ ಆಳವಿಲ್ಲದ ಕೆರೆಗಳನ್ನು ಯುರೋಪಿನಲ್ಲಿ ಗಮನಿಸಿದಾಗ, ಹೂಳಿನ ರಂಜಕ ತಹಬಂದಿಗೆ ಬರಲು ಸಾಮಾನ್ಯವಾಗಿ 10ರಿಂದ 15 ವರ್ಷ ಹಿಡಿದಿದೆ. ನಿಮಗೆ ಆಗಿರುವುದು ಎರಡೇ.

ಸುಮ್ನೆ ಕಾಯಬೇಕಿಲ್ಲ. ನಮ್ಮ ತಾತ ಬೇಸಿಗೆಯಲ್ಲಿ ಕೆರೆ ಬತ್ತಿದ ಕೂಡಲೇ ಗಾಡಿ ಕಟ್ಟಿ ರಾಗಿ ಹೊಲಕ್ಕೆ ಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಡೆಯುತ್ತಿದ್ದರು. ಹೊಲದಿಂದ ಕೊಚ್ಚಿಹೋದ ರಂಜಕ ಹಾಗೆ ಮತ್ತೆ ಹೊಲ ಸೇರುತ್ತಿತ್ತು. ಗೊಬ್ಬರದ ಚೀಲ ಬಂದ ಮೇಲೆ ನಮ್ಮೂರಲ್ಲಿ ಗೋಡು ಹೊಡೆಯುವವರಿಲ್ಲ, ಈ ವಿಷಯದಲ್ಲಿ ನನಗೆ ಬಹಳ ಬೇಸರವಿದೆ. ನೀವು ಅನುಮತಿ ಪಡೆದು, ಮೊದಲು ಚರಂಡಿ ಬಂದು ಬೀಳುತ್ತಿದ್ದ ಮೂಲೆಯ ಹೂಳು ತೆಗೆಸಿ. ಕೊಳೆ ಜಾಸ್ತಿ ಕೂತಿರುವುದು ಅಲ್ಲೇ. ಆದರೆ ಚರಂಡಿಗೆ ಕಾರ್ಖಾನೆಯ ನೀರೂ ಸೇರುತ್ತಿದ್ದರೆ, ಆ ಮಣ್ಣಿನಲ್ಲಿ ಸೀಸ, ಕ್ರೋಮಿಯಂ ಇದೆಯೇ ಎಂದು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬೇಡಿ.

ಮೀನುಮರಿ ಬಿಡುವವರಿಗೂ ಒಂದು ಮಾತು ಹೇಳಿ. ಈಗಲೇ ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಬೇಡ. ಅದು ತಳ ಕೆದಕಿ ಮೇಯುವ ಮೀನು, ಕೂತ ಹೂಳನ್ನೆಲ್ಲ ಎಬ್ಬಿಸಿಬಿಡುತ್ತದೆ.