ಕ್ಯಾಂಪಸ್ ಕಟ್ಟಡ ಎಲ್ಲರಿಗೂ ಆಗಬೇಕಾದರೆ ರ‍್ಯಾಂಪ್, ಲಿಫ್ಟ್ ಇದ್ದರೆ ಸಾಕಾ?

ನೀವು ಕೇಳಿದ್ದು ಇಷ್ಟು: ಆರ್ಕಿಟೆಕ್ಚರ್ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ವಿಶ್ವವಿದ್ಯಾಲಯದ ನಾಲ್ಕು ಮಹಡಿಯ ತರಗತಿ ಕಟ್ಟಡ ಮಾಡುತ್ತಿದ್ದೀರಿ. ರ‍್ಯಾಂಪ್ ಇದೆ, ಲಿಫ್ಟ್ ಇದೆ, ನೆಲಮಹಡಿಯಲ್ಲಿ ವೀಲ್‌ಚೇರ್ ಹೋಗುವ ಒಂದು ಶೌಚಾಲಯವೂ ಇದೆ. ಆದರೂ ನಿಮ್ಮ ಗೈಡ್ "ಇದು ಎಲ್ಲರಿಗೂ ಆಗುವ ಕಟ್ಟಡ ಅಲ್ಲ" ಅಂದರು. ಇನ್ನೇನು ಬೇಕು?

ನಿಮ್ಮ ಗೈಡ್ ಹೇಳಿದ್ದು ಸರಿ. ನನಗೆ ಇದು ಅರ್ಥವಾದದ್ದು ಒಂದು ಬೆಳಿಗ್ಗೆ. ನಾನು ಕಾಲೇಜು ಕಟ್ಟಡಗಳ ಕೆಲಸ ಮಾಡುವ ಆರ್ಕಿಟೆಕ್ಟ್. ನಾನೇ ನಕ್ಷೆ ಬರೆದ ಕಟ್ಟಡವೊಂದರಲ್ಲಿ, ವೀಲ್‌ಚೇರ್ ಬಳಸುವ ವಿದ್ಯಾರ್ಥಿನಿಯೊಬ್ಬರ ಜೊತೆ ಗೇಟಿನಿಂದ ಮೂರನೇ ಮಹಡಿಯ ಕ್ಲಾಸಿನವರೆಗೆ ಹೋದೆ. ಮುಂಬಾಗಿಲಿಗೆ ಏಳು ಮೆಟ್ಟಿಲು. ರ‍್ಯಾಂಪ್ ಇದ್ದದ್ದು ಕಟ್ಟಡದ ಹಿಂದೆ, ಜನರೇಟರ್ ಪಕ್ಕ. ಸುತ್ತಿ ಬಳಸಿ ಹೋದೆವು. ಅಲ್ಲಿನ ಬಾಗಿಲಿಗೆ ಒಳಗಿನಿಂದ ಚಿಲಕ. ಅವರು ಫೋನ್ ತೆಗೆದು ಗೆಳತಿಯನ್ನು ಕರೆದರು. ಆಕೆ ಮುಂಬಾಗಿಲಿನಿಂದ ಒಳಗೆ ಬಂದು ಚಿಲಕ ತೆಗೆದರು. ಲಿಫ್ಟ್ ಸರಿಯಾಗಿತ್ತು. ಕ್ಲಾಸಿನ ಬಾಗಿಲಲ್ಲಿ ಹೆಬ್ಬೆರಳಿನ ದಪ್ಪದ ಹೊಸ್ತಿಲು. ಮುಂದಿನ ಸಣ್ಣ ಚಕ್ರಗಳು ಅದಕ್ಕೆ ತಾಗಿ ನಿಂತವು. ಅವರು ಸ್ವಲ್ಪ ಹಿಂದೆ ಸರಿದು, ಮೈಭಾರ ಹಿಂದಕ್ಕೆ ಹಾಕಿ, ಚಕ್ರ ಎತ್ತಿ ದಾಟಿದರು. ಮಡಿಲಲ್ಲಿದ್ದ ಪುಸ್ತಕ ಕೆಳಗೆ ಬಿತ್ತು.

"ದಿನಾ ಹೀಗೇನಾ?" ಅಂತ ಕೇಳಿದೆ.

"ಅರ್ಧ ಗಂಟೆ ಮೊದಲೇ ಬಂದುಬಿಡ್ತೀನಿ ಸರ್. ಮತ್ತೆ ಬೆಳಿಗ್ಗೆ ನೀರು ಕುಡಿಯಲ್ಲ" ಅಂದರು.

ಶೌಚಾಲಯ ನೆಲಮಹಡಿಯಲ್ಲಿ, ಕ್ಲಾಸುಗಳೆಲ್ಲ ಮೇಲೆ. ನಡುವೆ ಬಿಡುವು ಹತ್ತೇ ನಿಮಿಷ. ಆ ನೀರಿನ ಮಾತು ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ನಕ್ಷೆಯಲ್ಲಿ ಎಲ್ಲ ಇತ್ತು. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಮಾತ್ರ ಇರಲಿಲ್ಲ. ಹಾಗಾಗಿ ನಿಮಗೆ ಹೇಳುವುದು ಇದನ್ನೇ: ಸೌಲಭ್ಯಗಳ ಪಟ್ಟಿಯನ್ನು ಪಕ್ಕಕ್ಕಿಡಿ. ಒಬ್ಬ ವಿದ್ಯಾರ್ಥಿ ಬಸ್ ಇಳಿಯುವ ಜಾಗದಿಂದ ಹಿಡಿದು ಕ್ಲಾಸ್, ಶೌಚಾಲಯ, ಲ್ಯಾಬ್, ಲೈಬ್ರರಿ, ಕ್ಯಾಂಟೀನ್, ಮತ್ತೆ ಗೇಟಿನವರೆಗೆ ಇಡೀ ದಿನದ ಗೆರೆಯನ್ನು ಪ್ಲಾನ್ ಮೇಲೆ ಎಳೆಯಿರಿ. ವೀಲ್‌ಚೇರ್‌ನಲ್ಲಿ ಬರುವವರಿಗೆ ಒಂದು ಬಣ್ಣ, ಬಿಳಿ ಕೋಲು ಹಿಡಿದವರಿಗೆ ಒಂದು, ಕಿವಿ ಕೇಳದವರಿಗೆ ಒಂದು. ಯಾರನ್ನೂ ಕೇಳದೆ, ಯಾರಿಗೂ ಕಾಯದೆ ಆ ಗೆರೆ ಪೂರ್ತಿ ಆಗುತ್ತಾ ನೋಡಿ.

ಗೆರೆ ಮೊದಲು ಕಡಿಯುವುದು ಸಾಮಾನ್ಯವಾಗಿ ಪ್ರವೇಶದಲ್ಲೇ. ಅಮೆರಿಕದಲ್ಲಿ ಅಂಗವಿಕಲರಿಗಾಗಿ ಇರುವ ಕಾಯ್ದೆ ಎಡಿಎ, ಅದರ ಮಾನದಂಡದ ಪ್ರಕಾರ ರ‍್ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಅಂದರೆ 1 ಅಡಿ ಏರಲು 12 ಅಡಿ ಉದ್ದ ಬೇಕು. 760 ಮಿ.ಮೀ. ಏರುವಷ್ಟರಲ್ಲಿ ಒಂದು ಸಮತಟ್ಟಾದ ಲ್ಯಾಂಡಿಂಗ್ ಬರಬೇಕು. ಲೆಕ್ಕ ಹಾಕಿ: 150 ಮಿ.ಮೀ.ನ ಏಳು ಮೆಟ್ಟಿಲು ಅಂದರೆ 1,050 ಮಿ.ಮೀ. ಅದಕ್ಕೆ 12.6 ಮೀಟರ್ ರ‍್ಯಾಂಪ್, ಮಧ್ಯದಲ್ಲಿ 1.5 ಮೀಟರ್ ಲ್ಯಾಂಡಿಂಗ್, ಒಟ್ಟು 14 ಮೀಟರಿಗೂ ಜಾಸ್ತಿ. ಮುಂಬಾಗಿಲ ಎದುರು ಅಷ್ಟು ಜಾಗ ಸಿಗಲಿಲ್ಲ ಅಂತಲೇ ರ‍್ಯಾಂಪ್ ಹಿಂದಕ್ಕೆ ಹೋಗುವುದು. ಆದರೆ ಆ ಏಳು ಮೆಟ್ಟಿಲು ಯಾಕೆ ಬೇಕಿತ್ತು? ಬರೀ ಗತ್ತಿಗೆ, ಅಲ್ವಾ? ನೆಲವನ್ನು ತಗ್ಗಿಸಿ, ಅಂಗಳವನ್ನು 1:20ಕ್ಕಿಂತ ಕಡಿಮೆ ಇಳಿಜಾರಿನಲ್ಲಿ ಮೆಲ್ಲಗೆ ಏರಿಸಿ ಬಾಗಿಲಿಗೆ ತಂದರೆ ರ‍್ಯಾಂಪೇ ಬೇಡ. ಎಲ್ಲರೂ ಒಂದೇ ದಾರಿಯಲ್ಲಿ ಮಾತಾಡಿಕೊಂಡು ಒಳಗೆ ಬರುತ್ತಾರೆ. ಟ್ರಾಲಿ ತಳ್ಳುವವರಿಗೂ ಕಾಲು ಉಳುಕಿಸಿಕೊಂಡವರಿಗೂ ಅದೇ ದಾರಿ. ಮಳೆನೀರು ಒಳಗೆ ಬರುತ್ತೆ ಅನ್ನುತ್ತಾರೆ. ಬಾಗಿಲಿನ ಮುಂದೆ ಜಾಲರಿ ಮುಚ್ಚಿದ ಚರಂಡಿ ಕೊಡಿ, ಮೇಲೆ ದೊಡ್ಡ ಸಜ್ಜಾ ಕೊಡಿ. ಜಾಲರಿಯ ಕಿಂಡಿ ಮಾತ್ರ ಚಕ್ರ ಸಿಕ್ಕಿಕೊಳ್ಳುವಷ್ಟು ಅಗಲ ಇರಬಾರದು.

'ಯೂನಿವರ್ಸಲ್ ಡಿಸೈನ್', ಅಂದರೆ ಎಲ್ಲರೂ ಬಳಸಬಲ್ಲ ವಿನ್ಯಾಸ, ಅನ್ನುವ ಮಾತನ್ನು ಬಳಕೆಗೆ ತಂದ ರೊನಾಲ್ಡ್ ಮೇಸ್ ಸ್ವತಃ ವೀಲ್‌ಚೇರ್ ಬಳಸುತ್ತಿದ್ದ ಆರ್ಕಿಟೆಕ್ಟ್. ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಸಿ ಕ್ಲಾಸಿಗೆ ಕರೆದೊಯ್ಯಬೇಕಿತ್ತು. ಶೌಚಾಲಯದ ಬಾಗಿಲಲ್ಲಿ ಅವರ ಕುರ್ಚಿ ಹಿಡಿಸುತ್ತಿರಲಿಲ್ಲ. 1966ರಲ್ಲಿ ಪದವಿ ಪಡೆದ ಅವರೇ ಮುಂದೆ ಇತರರ ಜೊತೆ ಸೇರಿ 1997ರಲ್ಲಿ ಅದರ ಏಳು ತತ್ವಗಳನ್ನು ರೂಪಿಸಿದರು. ಮೊದಲನೆಯದೇ, ಬಳಕೆಯಲ್ಲಿ ಎಲ್ಲರಿಗೂ ಸಮಾನತೆ. ಹಿಂಬಾಗಿಲು ಅದನ್ನು ಕೊಡುವುದಿಲ್ಲ.

ಇನ್ನು ದೊಡ್ಡ ಲೆಕ್ಚರ್ ಹಾಲ್. ಇಳಿಜಾರಿನ ಹಾಲ್‌ಗಳಲ್ಲಿ ವೀಲ್‌ಚೇರ್ ಜಾಗವನ್ನು ಮುಂದಿನ ಸಾಲಿನ ಮೂಲೆಯಲ್ಲಿ ಒಂದೇ ಒಂದು ಇಟ್ಟು ಕೈತೊಳೆದುಕೊಳ್ಳುತ್ತಾರೆ. ಆ ವಿದ್ಯಾರ್ಥಿ ಮೂರು ವರ್ಷ ಗೆಳೆಯರನ್ನು ಬಿಟ್ಟು ಅಲ್ಲೇ ಕೂರಬೇಕು, ಪರದೆಗೆ ಕತ್ತೆತ್ತಿ. ಬೇರೆ ಬೇರೆ ಎತ್ತರದಲ್ಲಿ ಮೂರ್ನಾಲ್ಕು ಜಾಗ ಬಿಡಿ, ಪ್ರತಿಯೊಂದರ ಪಕ್ಕ ಗೆಳೆಯರಿಗೂ ಸೀಟಿರಲಿ. ಆಮೇಲೆ ವೇದಿಕೆ ನೋಡಿ. ಪಾಠ ಮಾಡುವವರೂ ವೀಲ್‌ಚೇರ್‌ನಲ್ಲಿ ಬರಬಹುದು ಅಂತ ನಾವು ಯೋಚಿಸುವುದೇ ಇಲ್ಲ! ವೇದಿಕೆಗೆ ಮೆಟ್ಟಿಲು ಬೇಡ, ಮೇಜು ಏರಿಸಿ ಇಳಿಸುವಂತಿರಲಿ.

ಅದೇ ಹಾಲ್‌ನಲ್ಲಿ ಸದ್ದು. ನುಣುಪು ಗೋಡೆ, ಗಟ್ಟಿ ನೆಲ, ಎತ್ತರದ ಸೂರು ಇದ್ದರೆ ಮಾತು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಅಮೆರಿಕದ ತರಗತಿ ಮಾನದಂಡದಲ್ಲಿ, ಸಣ್ಣ ಕೊಠಡಿಯಲ್ಲಿ ಸದ್ದು ಅಡಗಲು 0.6 ಸೆಕೆಂಡಿಗಿಂತ ಜಾಸ್ತಿ ಹಿಡಿಯಬಾರದು ಅಂತಿದೆ. ಸೂರಿಗೆ ಸದ್ದು ಹೀರುವ ಹಲಗೆ ಹಾಕಿದರೆ ಎಲ್ಲರಿಗೂ ಒಳ್ಳೆಯದು, ಹೊಸ ಭಾಷೆಯಲ್ಲಿ ಪಾಠ ಕೇಳುವವರಿಗಂತೂ ಇನ್ನೂ. ಶ್ರವಣಸಾಧನ ಬಳಸುವವರಿಗೆ, ಮೈಕಿನ ಮಾತನ್ನು ನೇರವಾಗಿ ಆ ಸಾಧನಕ್ಕೆ ತಲುಪಿಸುವ ಇಂಡಕ್ಷನ್ ಲೂಪ್ ತಂತಿಯನ್ನು ನೆಲದಡಿ ಎಳೆಸಿ. ಕಟ್ಟುವಾಗ ಇದು ಸುಲಭ, ಆಮೇಲೆ ನೆಲ ಅಗೆಯಬೇಕು. ಪಾಠ ಮಾಡುವವರ ಬೆನ್ನ ಹಿಂದೆ ಕಿಟಕಿ ಇಡಬೇಡಿ. ಮುಖ ಕತ್ತಲಾದರೆ ತುಟಿ ಓದುವವರಿಗೆ ಏನೂ ಉಳಿಯುವುದಿಲ್ಲ.

ವಾಷಿಂಗ್ಟನ್‌ನಲ್ಲಿ ಕಿವುಡರ ವಿಶ್ವವಿದ್ಯಾಲಯ ಗ್ಯಾಲಡೆಟ್ ಇದೆ. ಅಲ್ಲಿ 2005ರಲ್ಲಿ, ಕಿವುಡರಿಗೆ ಹೊಂದುವ ಕಟ್ಟಡ ಹೇಗಿರಬೇಕು ಅಂತ ನೋಡುವ 'ಡೆಫ್‌ಸ್ಪೇಸ್' ಅನ್ನುವ ಕೆಲಸ ಶುರುವಾಯಿತು. ಸನ್ನೆ ಭಾಷೆಯಲ್ಲಿ ಮಾತಾಡುತ್ತಾ ನಡೆಯುವ ಇಬ್ಬರು ಒಬ್ಬರನ್ನೊಬ್ಬರು ನೋಡುತ್ತಲೇ ಇರಬೇಕು, ದಾರಿ ನೋಡಲು ಆಗುವುದಿಲ್ಲ. ಹಾಗಾಗಿ ಅಗಲದ ಓಣಿ, ಎದುರಿಂದ ಬರುವವರು ಕಾಣುವಂಥ ಮೂಲೆ, ತಾನೇ ತೆರೆಯುವ ಬಾಗಿಲು. ಬಳಸುವವರ ದೇಹವನ್ನು ಇಷ್ಟು ಹತ್ತಿರದಿಂದ ನೋಡಿ ಮಾಡಿದ ಕೆಲಸ ಕಡಿಮೆ. ಖಂಡಿತ ಹುಡುಕಿ ಓದಿ.

ಕಣ್ಣು ಕಾಣದವರಿಗೆ ವಿಶಾಲವಾದ ಲಾಬಿ ಅಂದರೆ ದಡ ಕಾಣದ ನೀರಿದ್ದಂತೆ. ಬಾಗಿಲಿನಿಂದ ಲಿಫ್ಟ್‌ವರೆಗೆ ಕಾಲಿಗೆ, ಕೋಲಿಗೆ ಸಿಗುವ ಉಬ್ಬು ಟೈಲ್ಸ್ ಬೇಕು. ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ಕಂಡುಹಿಡಿದದ್ದು ಅದು. ಉದ್ದ ಗೆರೆ ಇದ್ದರೆ ಮುಂದೆ ಹೋಗಿ, ಚುಕ್ಕೆ ಇದ್ದರೆ ನಿಂತು ಗಮನಿಸಿ ಅಂತ ಅರ್ಥ. ತೆರೆದ ಮೆಟ್ಟಿಲಿನ ಅಡಿಭಾಗವನ್ನೂ ಮುಚ್ಚಿ. ಕೋಲು ಅಡಿಯಲ್ಲಿ ಸಲೀಸಾಗಿ ಹೋಗುತ್ತದೆ, ತಲೆ ಹೋಗಿ ಮೆಟ್ಟಿಲಿಗೆ ಬಡಿಯುತ್ತದೆ. ಗೋಡೆಯಿಂದ ಮುಂದೆ ಚಾಚಿಕೊಂಡ ಪೆಟ್ಟಿಗೆಗಳೂ ಹಾಗೇ.

ಶೌಚಾಲಯ ಪ್ರತಿ ಮಹಡಿಯಲ್ಲೂ ಬೇಕು. ಒಳಗೆ ವೀಲ್‌ಚೇರ್ ತಿರುಗಲು ಸುಮಾರು 1,500 ಮಿ.ಮೀ. ಅಡ್ಡಳತೆಯ ಜಾಗ, ಹೊರಕ್ಕೆ ತೆರೆಯುವ ಬಾಗಿಲು, ನೆಲದವರೆಗೆ ಇಳಿಬಿಟ್ಟ ಎಮರ್ಜೆನ್ಸಿ ಹಗ್ಗ. ಬಿದ್ದವರಿಗೆ ಕೈಗೆಟುಕುವುದು ನೆಲದ ಹತ್ತಿರ ಇರುವುದು ಮಾತ್ರ. ಇಂಥ ಒಂದೊಂದೇ ಕೊಠಡಿಗಳು ತಾಯಿಗೆ ಸಹಾಯ ಮಾಡುವ ಮಗನಿಗೂ, ಗಂಡು-ಹೆಣ್ಣು ಬೋರ್ಡುಗಳ ಮುಂದೆ ತಡವರಿಸುವ ಟ್ರಾನ್ಸ್ ವಿದ್ಯಾರ್ಥಿಗೂ ನೆಮ್ಮದಿ ಕೊಡುತ್ತವೆ. ಗದ್ದಲ ತಡೆಯಲಾಗದವರಿಗೆ ಮಂದ ಬೆಳಕಿನ ಒಂದು ಸಣ್ಣ ಕೋಣೆಯನ್ನೂ ಬಿಡಿ.

ಕೊನೆಯದಾಗಿ ಬೆಂಕಿ. ಅಲಾರಾಂ ಹೊಡೆದ ಕೂಡಲೇ ಸಾಮಾನ್ಯ ಲಿಫ್ಟ್ ಬಳಸುವಂತಿಲ್ಲ. ಮೇಲೆ ಹತ್ತಿಸಿದ್ದೇವೆ, ಇಳಿಯುವುದು ಹೇಗೆ? ಮೆಟ್ಟಿಲಿನ ಪಕ್ಕ ಬೆಂಕಿ, ಹೊಗೆ ತಡೆಯುವ ಗೋಡೆ-ಬಾಗಿಲು ಇರುವ ಜಾಗ ಬೇಕು. ವೀಲ್‌ಚೇರ್ ನಿಲ್ಲಬೇಕು, ಹೊರಗಿನವರ ಜೊತೆ ಮಾತಾಡುವ ಫೋನ್ ಇರಬೇಕು, ಮೆಟ್ಟಿಲಲ್ಲಿ ಇಳಿಸುವ ಕುರ್ಚಿ ಅಲ್ಲೇ ಇರಬೇಕು. ಅಲಾರಾಂಗೆ ಸದ್ದಿನ ಜೊತೆ ಮಿನುಗುವ ದೀಪವೂ ಇರಲಿ, ಶೌಚಾಲಯದ ಒಳಗೂ ಕೂಡ. ನಿಮ್ಮ ಮೂರನೇ ಮಹಡಿಯಲ್ಲಿ ಆ ಜಾಗ ಎಲ್ಲಿ ಬರುತ್ತೆ? ಬಣ್ಣದ ಗೆರೆಗಳನ್ನು ಎಳೆದ ಮೇಲೆ ಪ್ಲಾನ್ ಇಲ್ಲಿ ಹಾಕಿ, ಕೂತು ನೋಡಿ ಹೇಳುತ್ತೇನೆ.