ಶುಂಠಿ ಬಿಯರ್ ಮೇಲೆ ಬಿಳಿ ಪೊರೆ ಬಂದಿದೆ, ಬಾಟಲಿಗೆ ತುಂಬಬಹುದಾ?

ನೀವು ಕೇಳಿದ್ದು ಇಷ್ಟು: ಕಲಬುರಗಿಯ ಮನೆಯಲ್ಲಿ ಐದು ಲೀಟರ್ ಶುಂಠಿ ಬಿಯರ್, ಅಂದರೆ ಶುಂಠಿ ಹಾಕಿದ ಸಕ್ಕರೆ ನೀರನ್ನು ಹುದುಗಿಸಿ ಮಾಡುವ ಪಾನೀಯ, ಹಾಕಿದ್ದೀರಿ. ಬರಣಿಯಲ್ಲಿ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿದೆ, ವಾಸನೆ ಸ್ವಲ್ಪ ಹುಳಿ. ನಾಳೆ ಗಾಜಿನ ಬಾಟಲಿಗೆ ತುಂಬಬೇಕು ಅಂತಿದ್ದೀರಿ. ನನ್ನ ಉತ್ತರ: ಚೆಲ್ಲೋಕೆ ಅವಸರ ಬೇಡ, ಆದರೆ ಗಾಜಿನ ಬಾಟಲಿಗೆ ಮಾತ್ರ ತುಂಬಲೇಬೇಡಿ.

ನಾನು ಬೀದರ್ ಜಿಲ್ಲೆಯವನು. ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ನಮ್ಮ ಜಿಲ್ಲೆಗೆ ಆರಿಸಿದ್ದೇ ಶುಂಠಿ. ಮನೆಯಲ್ಲಿ ಶುಂಠಿಗೆ ಬರ ಇಲ್ಲ, ಹಾಗಾಗಿ ಇದನ್ನು ಮಾಡುತ್ತಲೇ ಇರುತ್ತೇವೆ.

ಮೊದಲು ಆ ಪೊರೆ ಯಾವುದು ಅಂತ ಗೊತ್ತಾಗಬೇಕು. ಮೊಬೈಲ್ ಟಾರ್ಚನ್ನು ಮೇಲಿಂದ ಬಿಡಬೇಡಿ, ಬರಣಿಯ ಪಕ್ಕದಿಂದ, ದ್ರವದ ಮಟ್ಟಕ್ಕೆ ಸರಿಯಾಗಿ ಹಿಡಿಯಿರಿ. ಪೊರೆ ಚಪ್ಪಟೆಯಾಗಿ, ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಕೂತಿದ್ದು, ಚಮಚ ತಾಗಿಸಿದರೆ ಹರಿದು ಚೂರು ಚೂರಾಗಿ ತೇಲಿದರೆ ಅದು ಕಾಡು ಯೀಸ್ಟ್. ಗಾಳಿ ಸಿಕ್ಕಲ್ಲೆಲ್ಲ ಬೆಳೆಯುತ್ತದೆ. ರುಚಿ ಕೆಡಿಸುತ್ತದೆ, ಸಾಮಾನ್ಯವಾಗಿ ಆರೋಗ್ಯ ಕೆಡಿಸುವುದಿಲ್ಲ. ಅದೇ ಬೆಳಕಿನಲ್ಲಿ ಮೇಲೆ ನವಿರಾದ ಕೂದಲು ಎದ್ದಂತೆ ಕಂಡರೆ, ಅಥವಾ ಹಸಿರು, ಕಪ್ಪು, ಗುಲಾಬಿ ಬಣ್ಣದ ಚುಕ್ಕೆ ಒಂದೇ ಒಂದು ಇದ್ದರೂ ಅದು ಬೂಷ್ಟು. ಆಗ ಐದೂ ಲೀಟರ್ ಚೆಲ್ಲಿಬಿಡಿ. ಮೇಲಿನದು ತೆಗೆದು ಕೆಳಗಿನದು ಉಳಿಸೋಣ ಅನ್ನಬೇಡಿ, ಬೂಷ್ಟಿನ ಬೇರು ಕಣ್ಣಿಗೆ ಕಾಣುವುದಿಲ್ಲ. ಕೆಲವು ಬೂಷ್ಟು ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ.

ತೇಲುವ ಶುಂಠಿ ಚೂರು, ನೊರೆ, ತಳದಲ್ಲಿ ಕೂತ ಬಿಳಿ ಗಸಿ, ಇವಕ್ಕೆಲ್ಲ ಹೆದರಬೇಡಿ.

ಆಮೇಲೆ ಮೂಗಿಗೆ ಕೆಲಸ ಕೊಡಿ. ಹಿತವಾದ ಹುಳಿ ಇರಬೇಕಾದ್ದೇ. ವಿನೆಗರ್‌ನಂತೆ ಮೂಗಿಗೆ ಹೊಡೆದರೆ ಗಾಳಿ ಜಾಸ್ತಿ ಆಡಿದೆ ಅಂತ ಅರ್ಥ. ಕೊಳೆತ ಮೊಟ್ಟೆಯ ವಾಸನೆ ಎಷ್ಟೋ ಸಲ ಯೀಸ್ಟಿನದ್ದೇ, ಒಂದೆರಡು ದಿನದಲ್ಲಿ ಹೋಗುತ್ತದೆ. ನೇಲ್ ಪಾಲಿಶ್ ವಾಸನೆ ಬಂದರೆ ಹೆಚ್ಚಾಗಿ ಸೆಕೆಯ ಕೆಲಸ. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ದಾಟುತ್ತದೆ, ಯೀಸ್ಟಿಗೆ 20ರಿಂದ 30 ಡಿಗ್ರಿ ಸಾಕು. ಇನ್ನೊಂದು, ಚಮಚ ಎತ್ತಿದಾಗ ದ್ರವ ಲೋಳೆಯಾಗಿ ಎಳೆ ಎಳೆಯಾಗಿ ಇಳಿದರೆ ಅದು ಬ್ಯಾಕ್ಟೀರಿಯಾ. ನಾನಾದರೆ ಅದನ್ನು ಕುಡಿಯುವುದಿಲ್ಲ.

ಒಂದು ಮಾತು ಒತ್ತಿ ಹೇಳಬೇಕು. ಬಿಯರ್ ಮಾಡುವವರು "ಕೆಟ್ಟ ಬಿಯರ್ ಕುಡಿದು ಯಾರೂ ಸಾಯುವುದಿಲ್ಲ" ಅಂತ ಧೈರ್ಯ ಹೇಳುತ್ತಾರೆ. ಅವರ ಬಿಯರಿನಲ್ಲಿ ಆಲ್ಕೋಹಾಲ್ ಇದೆ, ಹಾಪ್ಸ್ ಅನ್ನುವ ಕಹಿ ಹೂವು ಇದೆ, ಹುಳಿಯೂ ಇದೆ. ರೋಗ ತರುವ ಕ್ರಿಮಿ ಅಲ್ಲಿ ಬದುಕುವುದು ಕಷ್ಟ. ನಮ್ಮ ಶುಂಠಿ ಬಿಯರಿನಲ್ಲಿ ಹಾಪ್ಸ್ ಇಲ್ಲ, ಆಲ್ಕೋಹಾಲ್ ತೀರಾ ಕಡಿಮೆ. ಕಾಯುವುದು ಹುಳಿ ಒಂದೇ. ಅದಕ್ಕೇ ಸಕ್ಕರೆ ನೀರಿಗೆ ಮೊದಲ ದಿನವೇ ನಿಂಬೆರಸ ಹಿಂಡಬೇಕು. ಹುಳಿ ಅಳೆಯುವ ಪಿಎಚ್ ಪೇಪರ್ ಸಿಕ್ಕರೆ ಅದ್ದಿ ನೋಡಿ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು), 4.6ಕ್ಕಿಂತ ಕೆಳಗೆ ಇರಲೇಬೇಕು, 4ರ ಕೆಳಗಿದ್ದರೆ ಇನ್ನೂ ಒಳ್ಳೆಯದು.

ಈಗ ಬಾಟಲಿ ವಿಷಯಕ್ಕೆ ಬರೋಣ. ನಿಜವಾದ ಅಪಾಯ ಹೊಟ್ಟೆಗಲ್ಲ, ಕೈಗೆ, ಕಣ್ಣಿಗೆ. ಲೆಕ್ಕ ನೋಡ್ರಿ: 4 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು ಒಂದು ಲೀಟರ್ ಗ್ಯಾಸ್ ಹುಟ್ಟುತ್ತದೆ. ಸಾಮಾನ್ಯ ಬಿಯರಿನಲ್ಲಿ ಲೀಟರಿಗೆ ಎರಡೂವರೆ ಲೀಟರ್ ಗ್ಯಾಸ್ ಇರುತ್ತದೆ. ನಿಮ್ಮ ಬರಣಿಯಲ್ಲಿ ಲೀಟರಿಗೆ 60 ಗ್ರಾಂ ಸಕ್ಕರೆ ಉಳಿದಿದೆ ಅಂದುಕೊಳ್ಳಿ. ಅದಷ್ಟೂ ಮುಚ್ಚಿದ ಬಾಟಲಿಯೊಳಗೆ ಹುದುಗಿದರೆ 15 ಲೀಟರ್ ಗ್ಯಾಸ್! ಗಾಜು ತಡೆಯುತ್ತಾ? ಬಿಯರ್ ಮಾಡುವವರು ಸಕ್ಕರೆ ಎಷ್ಟು ಉಳಿದಿದೆ ಅಂತ ತೋರಿಸುವ ಹೈಡ್ರೋಮೀಟರ್ ಇಳಿಬಿಟ್ಟು, ಎರಡು ಮೂರು ದಿನ ಒಂದೇ ಅಂಕಿ ಬಂದ ಮೇಲೆ ತುಂಬುತ್ತಾರೆ. ನಾವು ಸಿಹಿ ಇರುವಾಗಲೇ ತುಂಬುವವರು, ನಮಗೆ ಆ ಭರವಸೆ ಇಲ್ಲ. ಅದರ ಮೇಲೆ ಕಾಡು ಯೀಸ್ಟ್ ಬೇರೆ ಸೇರಿದೆ, ಅದು ಎಷ್ಟು ಜೋರಾಗಿ ಓಡುತ್ತದೆ ಅಂತ ಹೇಳಲು ಬರುವುದಿಲ್ಲ.

ಹಾಗಾಗಿ ಹೀಗೆ ಮಾಡಿ. ಪೊರೆಯನ್ನು ಕುದಿನೀರಲ್ಲಿ ಅದ್ದಿದ ಚಮಚದಿಂದ ತೆಗೆಯಿರಿ. ಕೆಳಗಿನದನ್ನು ಕಲಕದೆ ಪೈಪಿನಿಂದ ಇಳಿಸಿ, ಕೊನೆಯ ಗಸಿ ಬಿಟ್ಟುಬಿಡಿ. ಕೋಲ್ಡ್ ಡ್ರಿಂಕ್ಸ್ ಬಂದಿದ್ದ ಪ್ಲಾಸ್ಟಿಕ್ ಬಾಟಲಿಗೇ ತುಂಬಿ. ನೀರಿನ ಬಾಟಲಿ ತೆಳು, ಅದು ಬೇಡ. ಮೇಲೆ ಮೂರು ಬೆರಳು ಜಾಗ ಇರಲಿ. ಬೆಳಿಗ್ಗೆ ಸಂಜೆ ಒತ್ತಿ ನೋಡಿ, ಕಲ್ಲಿನಷ್ಟು ಗಟ್ಟಿಯಾದ ಕೂಡಲೇ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಟ್ಟು ಫ್ರಿಜ್ಜಿಗೆ ಹಾಕಿ. ಒಂದು ವಾರದೊಳಗೆ ಕುಡಿದು ಮುಗಿಸಿ. ಕರೆಂಟ್ ತಾಸುಗಟ್ಟಲೆ ಹೋದರೆ ಮತ್ತೆ ಗ್ಯಾಸ್ ಏರುತ್ತದೆ, ಆಗಲೂ ಒತ್ತಿ ನೋಡಬೇಕು. ಹೊರಗೆ ಸೆಕೆಯಲ್ಲಿ ಉಳಿದಷ್ಟೂ ಆಲ್ಕೋಹಾಲ್ ಹೆಚ್ಚುತ್ತದೆ, ಅಂಥದ್ದನ್ನು ಮಕ್ಕಳಿಗೆ ಕೊಡಬೇಡಿ.

ಪೂರ್ತಿ ಕುದಿಸಿ ಉಳಿಸಬಹುದಾ ಅಂತ ಕೆಲವರು ಕೇಳುತ್ತಾರೆ. ಕುದಿಸಿದರೆ ಕಾಡು ಯೀಸ್ಟ್ ಜೊತೆ ಒಳ್ಳೆಯ ಯೀಸ್ಟೂ ಸಾಯುತ್ತದೆ, ಗ್ಯಾಸ್ ಬರುವುದಿಲ್ಲ, ಬಂದ ಕೆಟ್ಟ ರುಚಿ ಹಾಗೇ ಉಳಿಯುತ್ತದೆ. ಸುಮ್ನೆ ಗ್ಯಾಸ್ ಸಿಲಿಂಡರ್ ದಂಡ.

ಮುಂದಿನ ಸಲ ಬರಣಿ, ಚಮಚ, ಪೈಪ್ ಮೊದಲು ಸೋಪಿನಿಂದ ತಿಕ್ಕಿ ತೊಳೆಯಿರಿ. ಜಿಡ್ಡಿನ ಮೇಲೆ ಕುದಿನೀರು ಸುರಿದರೆ ಪ್ರಯೋಜನವಿಲ್ಲ. ಸ್ಟೀಲ್ ಸಾಮಾನನ್ನು ಇಡ್ಲಿ ಪಾತ್ರೆಯಲ್ಲಿ ಕಾಲು ತಾಸು ಹಬೆಯಲ್ಲಿಡಿ. ಗೀರು ಬಿದ್ದ ಪ್ಲಾಸ್ಟಿಕ್ ಡಬ್ಬಿ, ಹಳೆಯ ಪೈಪ್ ಎಸೆಯಿರಿ, ಆ ಗೀರಿನೊಳಗೆ ಬ್ರಶ್ ಹೋಗುವುದಿಲ್ಲ. ಬರಣಿಯನ್ನು ಕುತ್ತಿಗೆವರೆಗೆ ತುಂಬಿ, ಗಾಳಿಗೆ ಜಾಗ ಕಡಿಮೆ ಮಾಡಿ.

ನಿಮ್ಮ ಜಿಂಜರ್ ಬಗ್, ಅಂದರೆ ಶುಂಠಿ ಸಕ್ಕರೆಯಿಂದ ಮಾಡಿದ ಹೆಪ್ಪಿನ ಬಾಟಲಿಯನ್ನೂ ಇವತ್ತೇ ಅದೇ ಟಾರ್ಚಿನಲ್ಲಿ ನೋಡಿ. ಪೊರೆ ಅಲ್ಲೂ ಇದ್ದರೆ ಅದನ್ನು ಚೆಲ್ಲಿ, ಹೊಸ ಶುಂಠಿ ತುರಿದು ಹೊಸದು ಹಾಕಿ.