ಜಾಯಿಕಾಯಿ ತೋಟಗಳಿಗೆ ಗುಲಾಮರು ಏಕೆ ಬೇಕಾದರು?

ಪ್ರಶ್ನೆ: ಬಾಂದಾ ದ್ವೀಪಗಳಲ್ಲಿ ಡಚ್ಚರು ಗುಲಾಮರಿಂದ ಜಾಯಿಕಾಯಿ ತೋಟಗಳನ್ನು ನಡೆಸುತ್ತಿದ್ದರೆಂದು ಓದಿದೆ. ಅಲ್ಲಿ ಮೊದಲೇ ಬೆಳೆಗಾರರಿದ್ದರಲ್ಲವೆ? ಗುಲಾಮರನ್ನು ಹೊರಗಿನಿಂದ ತರುವ ಅಗತ್ಯವೇನಿತ್ತು? ಆ ಪದ್ಧತಿ ಕೊನೆಗೊಂಡದ್ದು ಯಾವಾಗ?

ಉತ್ತರ: ಬೆಳೆಗಾರರಿದ್ದರು; ಅವರನ್ನು ಇಲ್ಲವಾಗಿಸಿದ್ದರಿಂದಲೇ ಗುಲಾಮರು ಬೇಕಾದರು. ಇಂದಿನ ಇಂಡೋನೇಷ್ಯಾದ ಪೂರ್ವಭಾಗದ ಈ ಪುಟ್ಟ ದ್ವೀಪಗಳು ಆಗ ಜಗತ್ತಿಗೆಲ್ಲ ಜಾಯಿಕಾಯಿ, ಜಾಪತ್ರೆಗಳನ್ನು ಒದಗಿಸುತ್ತಿದ್ದವು. ಅಲ್ಲಿಯ ಜನ ಜಾವಾ, ಮಲಯ ಮುಂತಾದ ಕಡೆಯ ವರ್ತಕರಿಗೆ ಅದನ್ನು ಕೊಟ್ಟು ಅಕ್ಕಿ, ಬಟ್ಟೆ ಪಡೆಯುತ್ತಿದ್ದುದರಿಂದ, ತನಗೊಬ್ಬನಿಗೇ ಮಾರಬೇಕೆಂಬ ಡಚ್ ಈಸ್ಟ್ ಇಂಡಿಯಾ ಕಂಪನಿಯ ಕರಾರಿಗೆ ಅವರು ಕಟ್ಟುಬೀಳಲಿಲ್ಲ. 1621ರಲ್ಲಿ ಗವರ್ನರ್ ಜನರಲ್ ಯಾನ್ ಪೀಟರ್‌ಸೂನ್ ಕೂನ್ ದಂಡೆತ್ತಿ ಬಂದು, 44 ಮುಖಂಡರನ್ನು ಕೊಲ್ಲಿಸಿದನು. ಸುಮಾರು 15,000 ಇದ್ದಿರಬಹುದಾದ ಜನಸಂಖ್ಯೆಯಲ್ಲಿ ಸಾವಿರದಷ್ಟು ಮಂದಿ ಮಾತ್ರ ದ್ವೀಪಗಳಲ್ಲಿ ಉಳಿದರು. ಇದನ್ನು ಬರೀ ವ್ಯಾಪಾರ ಪೈಪೋಟಿಯೆಂದು ಕರೆಯಲು ನನ್ನ ಮನಸ್ಸೊಪ್ಪುವುದಿಲ್ಲ. ಹಲವರು ಹಸಿವಿನಿಂದ ಸತ್ತರು, ನೂರಾರು ಮಂದಿಯನ್ನು ಬಟಾವಿಯಾಕ್ಕೆ (ಇಂದಿನ ಜಕಾರ್ತಾ) ಸಾಗಿಸಲಾಯಿತು, ಕೆಲವರು ದೋಣಿಯೇರಿ 'ಕೈ' ಎಂಬ ಹೆಸರಿನ ದ್ವೀಪಗಳಿಗೆ ಪಾರಾದರು. ಬಾಂದಾದ ಮೂಲಭಾಷೆಯನ್ನು ಇಂದಿಗೂ ಆಡುವವರು ಅಲ್ಲಿನ ಅವರ ವಂಶಸ್ಥರೇ.

ಮರಗಳೇನೋ ಉಳಿದವು, ಆರೈಕೆಗೆ ಕೈಗಳಿರಲಿಲ್ಲ. ಆದ್ದರಿಂದ ಕಂಪನಿಯು ಲೊಂತೋರ್, ಆಯ್, ನೇರಾ ದ್ವೀಪಗಳ ತೋಟಗಳನ್ನು 68 ಪಾಲುಗಳಾಗಿ ವಿಂಗಡಿಸಿ, ಹೆಚ್ಚಾಗಿ ತನ್ನ ಮಾಜಿ ಸೈನಿಕರು ಮತ್ತು ನೌಕರರಿಗೆ ವಹಿಸಿತು. 'ಪರ್ಕ್' ಎಂಬ ಪಾಲನ್ನು ಹಿಡಿದವನು 'ಪರ್ಕೆನೀರ್'. ಬೆಳೆದದ್ದನ್ನೆಲ್ಲ ಕಂಪನಿಗೇ, ಅದು ಗೊತ್ತುಪಡಿಸಿದ ಬೆಲೆಗೇ ಆತ ಒಪ್ಪಿಸಬೇಕಿತ್ತು. ಪ್ರತಿಯಾಗಿ ಅಕ್ಕಿಯನ್ನೂ ಗುಲಾಮರನ್ನೂ ಕಂಪನಿಯೇ ಪೂರೈಸುತ್ತಿತ್ತು. ಸುತ್ತಲಿನ ದ್ವೀಪಗಳಿಂದಷ್ಟೇ ಅಲ್ಲ, ನಮ್ಮ ಮಲಬಾರ್ ಮತ್ತು ಕೋರಮಂಡಲ ತೀರಗಳಿಂದಲೂ ಜನರನ್ನು ಅಲ್ಲಿಗೆ ಒಯ್ಯಲಾಗಿತ್ತೆಂಬುದನ್ನು ಇಲ್ಲಿಯ ಓದುಗರು ಗಮನಿಸಬೇಕು. ಕಾಯಿ ಬಿಡಿಸುವ, ಜಾಪತ್ರೆಯನ್ನು ಬೇರ್ಪಡಿಸಿ ಒಣಗಿಸುವ ಕೆಲಸವನ್ನು ಈ ಹೊಸಬರಿಗೆ ಕಲಿಸಿದವರು, ತಾವೂ ಗುಲಾಮರಾಗಿದ್ದ ಅಳಿದುಳಿದ ಬಾಂದಾದವರು. ಬೀಜ ಬೇರೆಡೆ ಮೊಳೆಯದಿರಲೆಂದು ಜಾಯಿಕಾಯಿಯನ್ನು ಸುಣ್ಣದ ನೀರಿನಲ್ಲಿ ಅದ್ದಿಯೇ ಹಡಗಿಗೆ ಏರಿಸುತ್ತಿದ್ದರು.

1799ರಲ್ಲಿ ಕಂಪನಿ ಮುಚ್ಚಿದರೂ ಗುಲಾಮಗಿರಿ ಮುಂದುವರಿಯಿತು. ಡಚ್ ಸರಕಾರ ಅದನ್ನು ಈಸ್ಟ್ ಇಂಡೀಸ್‌ನಲ್ಲಿ (ಇಂದಿನ ಇಂಡೋನೇಷ್ಯಾ) ರದ್ದುಪಡಿಸಿದ್ದು 1860ರಲ್ಲಿ, ಪರಿಹಾರ ಕೊಟ್ಟದ್ದು ಮಾಲೀಕರಿಗೆ. ಆಮೇಲೆ ತೋಟಗಳಲ್ಲಿ ದುಡಿದವರು ಕೈದಿಗಳು ಮತ್ತು ಜಾವಾದಿಂದ ಕರಾರಿನ ಮೇಲೆ ಕರೆತಂದ ಕೂಲಿಗಳು.